ಮಗುವಿನ ಬರಹಕ್ಕೆ ಓದುಗರು ಯಾರು?

(ಪ್ರೌಢಶಾಲೆಗಳ ಕನ್ನಡ ಅಧ್ಯಾಪಕರ ಸಭೆಯೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದವನು ನಾನು. ಈ ಅವಧಿಯಲ್ಲಿ 'ನಾನು ಕಂಡ ಜಾತ್ರೆ' ಎಂಬ ಪ್ರಬಂಧವನ್ನು ಎಷ್ಟು ಸಲ ತಿದ್ದಿದ್ದೇನೆಂದು ಲೆಕ್ಕವಿಟ್ಟಿಲ್ಲ. ಸಾವಿರಾರು ಸಲ ಇರಬೇಕು. ಆದರೆ ಆ ಸಾವಿರಾರು ಜಾತ್ರೆಗಳೂ ಒಂದೇ ಜಾತ್ರೆ. ಎಲ್ಲದರಲ್ಲೂ ಜನಸಾಗರ ಸೇರುತ್ತದೆ, ರಥ ವೈಭವದಿಂದ ಸಾಗುತ್ತದೆ, ಕಡೆಯಲ್ಲಿ ಜಾತ್ರೆಗಳು ನಮ್ಮ ಸಂಸ್ಕೃತಿಯ ಪ್ರತೀಕವಾಗುತ್ತವೆ. ತೇರಿಗೆ ಯಾರೋ ಎಸೆದ ಬಾಳೆಹಣ್ಣು ತನ್ನ ತಲೆಯ ಮೇಲೆ ಬಿತ್ತೆಂದು ಯಾವ ಹುಡುಗನೂ ಬರೆಯಲಿಲ್ಲ. ಬತ್ತಾಸಿನ ಅಂಗಡಿಯಲ್ಲಿ ಅಪ್ಪ ಚಿಲ್ಲರೆಗಾಗಿ ಜಗಳ ಕಾದನೆಂದಾಗಲಿ, ತಂಗಿ ಅರ್ಧ ಗಂಟೆ ಕಳೆದುಹೋಗಿ ಅಮ್ಮ ಅತ್ತಳೆಂದಾಗಲಿ ಯಾರೂ ಬರೆಯಲಿಲ್ಲ. ಆಟದ ಬಯಲಿನಲ್ಲಿ ಅದೇ ಹುಡುಗ ಇದನ್ನೆಲ್ಲ ಕೈ ತಿರುಗಿಸಿ, ಕಣ್ಣು ಅರಳಿಸಿ ಗೆಳೆಯರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ತರಗತಿಯ ಬಾಗಿಲು ದಾಟಿ ಒಳಬಂದು ಪೆನ್ನು ಹಿಡಿದೊಡನೆ ಅವನ ಜಾತ್ರೆ ಹೋಗಿ ಗೈಡಿನ ಜಾತ್ರೆ ಬಂದು ಕೂರುತ್ತಿತ್ತು.

ಏಕೆ ಹೀಗಾಗುತ್ತದೆ? ಮಕ್ಕಳಿಗೆ ಭಾಷೆ ಬಾರದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನ್ನ ಅನುಭವದಲ್ಲಿ ಅದು ನಿಜವಲ್ಲ. ಆ ಹುಡುಗ ಬಯಲಿನಲ್ಲಿ ಹೇಳುವಾಗ ಎದುರಿಗೆ ಕೇಳುವವರಿದ್ದರು. ಪ್ರಬಂಧ ಬರೆಯುವಾಗ ಎದುರಿಗೆ ಇದ್ದದ್ದು ನನ್ನ ಕೆಂಪು ಶಾಯಿ ಮಾತ್ರ. ನಾನು ಅವನ ಬರಹದ ಓದುಗನಾಗಿರಲಿಲ್ಲ, ತಪ್ಪು ಹುಡುಕುವವನಾಗಿದ್ದೆ. ತಪ್ಪು ಹುಡುಕುವವನಿಗೆ ಯಾರೂ ಮನಸ್ಸು ಬಿಚ್ಚಿ ಕಥೆ ಹೇಳುವುದಿಲ್ಲ.

ಇಂದು ನನಗೆ ಕೊಟ್ಟಿರುವ ವಿಷಯ ಬರಹ ಕಲಿಸುವುದರಲ್ಲಿ ಯೋಜನಾ ಕಾರ್ಯಗಳು ಮತ್ತು ಕೃತಿಸಂಪುಟಗಳ ಬಳಕೆ. ಇದರ ಬಗ್ಗೆ ಸುತ್ತೋಲೆಗಳನ್ನು ನೀವೂ ಓದಿದ್ದೀರಿ, ನಾನೂ ಓದಿದ್ದೇನೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮಗುವಿನ ಬರಹ ಬೆಳೆಯಬೇಕಾದರೆ ಅದಕ್ಕೆ ನಿಜವಾದ ಓದುಗ ಬೇಕು ಮತ್ತು ಅದರ ಕರಡುಗಳು ಉಳಿಯಬೇಕು. ಇವೆರಡೂ ಇಲ್ಲದಿದ್ದರೆ ಎಷ್ಟೇ ಬಣ್ಣದ ಯೋಜನೆಯಾದರೂ, ಎಷ್ಟೇ ದಪ್ಪದ ಸಂಪುಟವಾದರೂ ಅದು ಬೀರುವಿನಲ್ಲಿ ಧೂಳು ಹಿಡಿಯುವ ಇನ್ನೊಂದು ಫೈಲು.

ಚಿತ್ರವನ್ನೂ ಬರೆಯುತ್ತೇವೆ

ಮೊದಲು ಈ ಎರಡು ಮಾತುಗಳ ಅರ್ಥ ನೋಡೋಣ. ಮಗು ತಾನು ಹೇಳಬೇಕಾದದ್ದನ್ನು ಅಕ್ಷರದಲ್ಲಿ ಮಾತ್ರವಲ್ಲದೆ ಚಿತ್ರ, ನಕ್ಷೆ, ಧ್ವನಿ, ಫೋಟೋ, ಅಭಿನಯ, ಒಂದು ವಸ್ತು, ಹೀಗೆ ಹಲವು ಬಗೆಗಳನ್ನು ಕೂಡಿಸಿ ಹೇಳುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಮಲ್ಟಿಮೋಡಲ್ ಪ್ರಾಜೆಕ್ಟ್ ಎನ್ನುತ್ತಾರೆ. ನಾವು ಬಹುರೂಪಿ ಬರಹ ಎಂದು ಕರೆಯೋಣ. ಪೋರ್ಟ್‌ಫೋಲಿಯೋ ಎಂಬುದಕ್ಕೆ ನಮ್ಮ ಇಲಾಖೆ ಕೃತಿಸಂಪುಟ ಎಂಬ ಒಳ್ಳೆಯ ಹೆಸರನ್ನೇ ಕೊಟ್ಟಿದೆ. ಒಂದು ಅವಧಿಯಲ್ಲಿ ಮಗು ಮಾಡಿದ ಕೆಲಸಗಳಿಂದ ಆರಿಸಿ ಕೂಡಿಟ್ಟ ಕಟ್ಟು ಅದು.

ಬಹುರೂಪಿ ಬರಹದ ಚರ್ಚೆಗೆ ವಿದ್ವತ್ ವಲಯದಲ್ಲಿ ಬಿರುಸು ಬಂದದ್ದು 1990ರ ದಶಕದಲ್ಲಿ. 1994ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯೂ ಲಂಡನ್ ಎಂಬ ಸಣ್ಣ ಊರಿನಲ್ಲಿ ಹತ್ತು ಮಂದಿ ಶಿಕ್ಷಣ ಮತ್ತು ಭಾಷಾ ಚಿಂತಕರು ಸೇರಿ ಚರ್ಚಿಸಿದರು. 1996ರಲ್ಲಿ ಅವರು ಪ್ರಕಟಿಸಿದ ಲೇಖನದ ಸಾರ ಇಷ್ಟು: ಓದು ಬರಹವೆಂದರೆ ಅಚ್ಚಾದ ಅಕ್ಷರವಷ್ಟೇ ಎನ್ನುವ ಕಾಲ ಮುಗಿಯಿತು, ಚಿತ್ರ, ಶಬ್ದ, ದೇಹಭಾಷೆ, ಸ್ಥಳದ ವಿನ್ಯಾಸ ಎಲ್ಲವೂ ಅರ್ಥ ಹೊರುತ್ತವೆ, ಶಾಲೆ ಇವನ್ನೂ ಕಲಿಸಬೇಕು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಾಸನ ಹತ್ತನೆಯ ಶತಮಾನದ ನಡುಭಾಗದ್ದು. ತಕ್ಕೋಲದ ಯುದ್ಧವನ್ನು ಅದು ಹೇಳುತ್ತದೆ. ಜೊತೆಗೆ ಮಣಲೆರನೆಂಬ ವೀರನಿಗೆ ಸೇರಿದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಸೆಣಸಿ, ಎರಡೂ ಸತ್ತ ಕಥೆಯನ್ನೂ ಹೇಳುತ್ತದೆ. ನಾಯಿ ಮತ್ತು ಹಂದಿಯ ಕಾಳಗ ಕಲ್ಲಿನ ಮೇಲೆ ಉಬ್ಬುಚಿತ್ರವಾಗಿದೆ, ಅದರೊಂದಿಗೆ ಅಕ್ಷರವಿದೆ. ಚಿತ್ರ ಮಾತ್ರ ಇದ್ದಿದ್ದರೆ ನಾಯಿಯ ಹೆಸರು ನಮಗೆ ತಿಳಿಯುತ್ತಿರಲಿಲ್ಲ. ಅಕ್ಷರ ಮಾತ್ರ ಇದ್ದಿದ್ದರೆ ಓದು ಬಾರದ ಊರಿನವರಿಗೆ ಆ ಕಲ್ಲು ಏನನ್ನೂ ಹೇಳುತ್ತಿರಲಿಲ್ಲ. ನಾಡಿನ ತುಂಬ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ಇದೇ ಜಾತಿಯವು. ಕನ್ನಡಿಗರಿಗೆ ಬಹುರೂಪಿ ಬರಹ ಹೊಸದೇನಲ್ಲ.

ನಮ್ಮ ಭಾಷೆಯೂ ಇದನ್ನು ಬಲ್ಲದು. ನಾವು ಅಕ್ಷರ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಪುಟ್ಟ ಮಗುವಿಗೂ ಎರಡೂ ಒಂದೇ ಕೆಲಸ. ಒಂದನೆಯ ತರಗತಿಯಿಂದ ಮೇಲಕ್ಕೆ ಹೋಗುತ್ತಿದ್ದಂತೆ ನಾವೇ ಒಂದನ್ನು ಡ್ರಾಯಿಂಗ್ ಪುಸ್ತಕಕ್ಕೂ ಇನ್ನೊಂದನ್ನು ಕಾಪಿ ಪುಸ್ತಕಕ್ಕೂ ಹಂಚಿ ಬೇರೆ ಮಾಡುತ್ತೇವೆ.

ಒಂದು ಹಳ್ಳಿಶಾಲೆಯ ಅಚ್ಚಿನ ಯಂತ್ರ

ಓದುಗ ಬೇಕು ಎಂದೆ. ಅದರ ಬಲ ಎಂಥದ್ದೆಂದು ತೋರಿಸಿಕೊಟ್ಟವರಲ್ಲಿ ಫ್ರಾನ್ಸ್ ದೇಶದ ಸೆಲೆಸ್ತಾಂ ಫ್ರೆನೆ ಮುಖ್ಯರು. 1896ರಲ್ಲಿ ಹುಟ್ಟಿದ ಅವರು ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಮರಳಿದರು. 1920ರಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸ್ಯೂರ್-ಲೂ ಎಂಬ ಹಳ್ಳಿಯ ಶಾಲೆಗೆ ಮಾಸ್ತರರಾಗಿ ಬಂದರು. ಗಟ್ಟಿಯಾಗಿ ಬಹಳ ಹೊತ್ತು ಮಾತಾಡಿದರೆ ಅವರಿಗೆ ಉಸಿರು ಕಟ್ಟುತ್ತಿತ್ತು. ನಮ್ಮಂತೆ ನಲವತ್ತೈದು ನಿಮಿಷ ಉಪನ್ಯಾಸ ಮಾಡುವ ಶಕ್ತಿ ಅವರಿಗಿರಲಿಲ್ಲ. ಹಾಗಾಗಿ ಅವರು ಮಕ್ಕಳನ್ನು ಊರು ಸುತ್ತಲು ಕರೆದೊಯ್ಯುತ್ತಿದ್ದರು. ಹೊಲ, ಹೊಳೆ, ಕುಶಲಕರ್ಮಿಗಳ ಕೆಲಸ ನೋಡಿ ಬಂದ ಮೇಲೆ ಮಕ್ಕಳು ಕಂಡದ್ದನ್ನು ಹೇಳುವರು, ಅದನ್ನು ಕಪ್ಪುಹಲಗೆಯ ಮೇಲೆ ಬರೆಯುವರು. ಅಲ್ಲಿ ಬರೆದದ್ದರಲ್ಲಿ ಜೀವವಿರುತ್ತಿತ್ತು. ಆದರೆ ಪುಸ್ತಕ ತೆರೆದೊಡನೆ ಆ ಜೀವ ಆರಿಹೋಗುತ್ತಿತ್ತು. ಏಕೆಂದರೆ ಪುಸ್ತಕದಲ್ಲಿದ್ದದ್ದು ಬೇರೆ ಯಾರದೋ ಬದುಕು.

ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು. 1924ರ ಸುಮಾರಿಗೆ ಒಂದು ಚಿಕ್ಕ ಅಚ್ಚಿನ ಯಂತ್ರವನ್ನು ತಂದು ತರಗತಿಯಲ್ಲಿ ಇಟ್ಟರು. ಮಕ್ಕಳು ತಮಗೆ ಬೇಕೆನಿಸಿದಾಗ, ಬೇಕೆನಿಸಿದ್ದನ್ನು ಬರೆದು ತರುವರು. ಅದನ್ನು ತರಗತಿಯ ಮುಂದೆ ಓದುವರು. ಎಲ್ಲರೂ ಮತ ಹಾಕಿ ಒಂದನ್ನು ಆರಿಸುವರು. ಆರಿಸಿದ ಬರಹವನ್ನು ಬರೆದ ಮಗುವಿನ ಒಪ್ಪಿಗೆಯೊಂದಿಗೆ ಎಲ್ಲರೂ ಸೇರಿ ತಿದ್ದುವರು. ಆಮೇಲೆ ಒಂದೊಂದೇ ಅಚ್ಚುಮೊಳೆ ಜೋಡಿಸಿ, ಶಾಯಿ ಹಚ್ಚಿ ಮುದ್ರಿಸುವರು. ಪಕ್ಕದಲ್ಲಿ ಮಕ್ಕಳೇ ಕೆತ್ತಿದ ಚಿತ್ರದ ಅಚ್ಚು. ಒಂದೊಂದು ಮೊಳೆಯನ್ನು ಬೆರಳಿನಲ್ಲಿ ಎತ್ತಿ ಇಡುವಾಗ ಕಾಗುಣಿತದ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಮಾಸ್ತರರ ಕೆಂಪು ಶಾಯಿ ಮಾಡದ ಕೆಲಸವನ್ನು ಸೀಸದ ಮೊಳೆ ಮಾಡಿತು.

ಅಚ್ಚಾದ ಹಾಳೆಗಳು ಎಲ್ಲಿಗೆ ಹೋಗುತ್ತಿದ್ದವು? ಒಂದು ಪ್ರತಿ ತರಗತಿಯ 'ಬದುಕಿನ ಹೊತ್ತಗೆ'ಗೆ ಸೇರುತ್ತಿತ್ತು. ಇನ್ನುಳಿದವು ದೇಶದ ಇನ್ನೊಂದು ತುದಿಗೆ, ಬ್ರಿಟನಿ ಪ್ರಾಂತದ ಕಡಲ ಬದಿಯ ತ್ರೆಗಂಕ್ ಎಂಬಲ್ಲಿನ ಶಾಲೆಗೆ ಅಂಚೆಯಲ್ಲಿ ಹೋಗುತ್ತಿದ್ದವು. ಅಲ್ಲಿನ ರೆನೆ ದನಿಯೆಲ್ ಎಂಬ ಮಾಸ್ತರರ ತರಗತಿಯಲ್ಲೂ ಇಂಥದೇ ಕೆಲಸ ನಡೆಯುತ್ತಿತ್ತು. ಕಿತ್ತಳೆ ಹೂವಿನ ಬೆಟ್ಟದೂರಿನ ಮಕ್ಕಳಿಗೆ ಕಡಲ ಮಕ್ಕಳು ಓದುಗರಾದರು, ಅವರಿಗೆ ಇವರು ಓದುಗರಾದರು. ತನ್ನ ಊರನ್ನು ಎಂದೂ ನೋಡದವನಿಗೆ ಬರೆಯುವಾಗ ವಿವರ ಬೇಕೇಬೇಕು. 'ಜನಸಾಗರ ಸೇರಿತ್ತು' ಎಂದು ಬರೆದರೆ ಅವನಿಗೆ ಏನೂ ಕಾಣುವುದಿಲ್ಲ. ಹಾಗೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಓದಿದವನು ತಿರುಗಿ ಪ್ರಶ್ನೆ ಬರೆದು ಕಳಿಸಿದರೆ ಸಾಕು.

ಈ ದಾರಿ ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಮುಂದೆ ಅವರು ಹೋದ ಸಾಂ-ಪಾಲ್ ಎಂಬ ಊರಿನಲ್ಲಿ 1932ರ ಕೊನೆಗೆ ಅವರ ವಿರುದ್ಧ ಗೋಡೆಗಳ ಮೇಲೆ ಭಿತ್ತಿಪತ್ರಗಳು ಬಂದವು. ಮಕ್ಕಳು ಬರೆದದ್ದನ್ನೇ ಎತ್ತಿ ತೋರಿಸಿ ದೂರಿದರು. ಫ್ರೆನೆ ಸರ್ಕಾರಿ ಶಾಲೆ ಬಿಟ್ಟು 1935ರಲ್ಲಿ ವಾಂಸ್ ಎಂಬಲ್ಲಿ ತಮ್ಮದೇ ಶಾಲೆ ತೆರೆದರು. 1966ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಪದ್ಧತಿಯನ್ನು ಹಲವು ದೇಶಗಳ ಶಿಕ್ಷಕರು ಹಿಡಿದಿದ್ದರು. ಮಕ್ಕಳು ನಿಜ ಬರೆಯತೊಡಗಿದರೆ ದೊಡ್ಡವರಿಗೆ ಇರುಸುಮುರುಸಾಗುತ್ತದೆ. ಆ ತಾಳ್ಮೆ ನಮಗಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಅಂಕ ಹಾಕುವ ತೊಡಕು

ಇನ್ನು ಕೃತಿಸಂಪುಟಕ್ಕೆ ಬರೋಣ. ಇದನ್ನು ಪರೀಕ್ಷೆಗೆ ಬದಲಿಯಾಗಿ ಗಂಭೀರವಾಗಿ ಬಳಸಿದವರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಸ್ಟೋನಿ ಬ್ರೂಕ್ ಕೇಂದ್ರದ ಪೀಟರ್ ಎಲ್ಬೋ ಮತ್ತು ಪ್ಯಾಟ್ ಬೆಲನಾಫ್ ಪ್ರಮುಖರು. ಅಲ್ಲಿ ಹೊಸದಾಗಿ ಕಾಲೇಜು ಸೇರಿದವರಿಗೆ ಬರವಣಿಗೆಯ ಪರೀಕ್ಷೆಯೊಂದಿತ್ತು. ಕೊಟ್ಟ ವಿಷಯದ ಮೇಲೆ ಕೊಟ್ಟ ವೇಳೆಯಲ್ಲಿ ಬರೆದು ಮುಗಿಸಬೇಕು. ಒಬ್ಬ ಮನುಷ್ಯ ಒಂದು ದಿನ ಒಂದು ಗಂಟೆಯಲ್ಲಿ ಬರೆದದ್ದನ್ನು ನೋಡಿ ಅವನಿಗೆ ಬರೆಯಲು ಬರುತ್ತದೋ ಇಲ್ಲವೋ ಹೇಗೆ ಹೇಳುವುದು ಎಂಬುದು ಇವರ ಪ್ರಶ್ನೆ. 1980ರ ದಶಕದಲ್ಲಿ ಇವರು ಆ ಪರೀಕ್ಷೆಯ ಜಾಗಕ್ಕೆ ಸಂಪುಟವನ್ನು ತಂದರು. ಬೇರೆ ಬೇರೆ ಬಗೆಯ ಮೂರು ಬರಹಗಳು ಅದರಲ್ಲಿರಬೇಕು, ಅವು ಹಲವು ಸಲ ತಿದ್ದಿ ಬರೆದವಾಗಿರಬೇಕು. ಅವುಗಳನ್ನು ಹೇಗೆ ಬರೆದೆ ಎಂಬ ಸಣ್ಣ ಟಿಪ್ಪಣಿ ಇರಬೇಕು. ಯಾರ ನೆರವೂ ಇಲ್ಲದೆ ತರಗತಿಯಲ್ಲಿ ಕೂತು ಬರೆದದ್ದೂ ಒಂದಿರಬೇಕು.

ಅದನ್ನು ಓದಿ ನಿರ್ಣಯಿಸುತ್ತಿದ್ದವರು ಪಾಠ ಹೇಳಿದ ಅಧ್ಯಾಪಕರಲ್ಲ, ಇನ್ನೊಬ್ಬರು. ಅವರು ಹೇಳುತ್ತಿದ್ದದ್ದು ತೇರ್ಗಡೆ ಆಗಿದೆಯೇ ಇಲ್ಲವೇ ಎಂಬುದನ್ನು ಮಾತ್ರ. ಇದರ ಪರಿಣಾಮ ಸ್ವಾರಸ್ಯವಾದದ್ದು. ತೀರ್ಪು ಹೊರಗಿನವರ ಕೈಗೆ ಹೋದದ್ದರಿಂದ ಪಾಠ ಹೇಳುವ ಅಧ್ಯಾಪಕರು ವಿದ್ಯಾರ್ಥಿಯ ಪಕ್ಕಕ್ಕೆ ಬಂದು ನಿಂತರು. ಹಾಕಿಯ ತರಬೇತುದಾರ ಆಟಗಾರನ ಪಕ್ಕ ನಿಲ್ಲುವಂತೆ. ತಾನೇ ತರಬೇತುದಾರ, ತಾನೇ ರೆಫರಿ ಎಂಬ ಇಕ್ಕಟ್ಟಿನಿಂದ ಅವರಿಗೆ ಬಿಡುಗಡೆಯಾಯಿತು.

ಇದರ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಅಮೆರಿಕದ ವರ್ಮಾಂಟ್ ರಾಜ್ಯ 1991-92ರಲ್ಲಿ ನಾಲ್ಕು ಮತ್ತು ಎಂಟನೆಯ ತರಗತಿಗಳಿಗೆ ಬರಹ ಮತ್ತು ಗಣಿತ ಎರಡರಲ್ಲೂ ರಾಜ್ಯದಾದ್ಯಂತ ಸಂಪುಟಗಳ ಮೂಲಕ ಮೌಲ್ಯಮಾಪನ ಜಾರಿಗೆ ತಂದಿತು. ಬರಹವನ್ನು ಐದು ಮಾನದಂಡಗಳಲ್ಲಿ ತೂಗಬೇಕಿತ್ತು. ರ್‍ಯಾಂಡ್ ಸಂಸ್ಥೆಯ ಡೇನಿಯಲ್ ಕೊರೆಟ್ಜ್ ಮತ್ತು ಸಂಗಡಿಗರು ಅದನ್ನು ಪರಿಶೀಲಿಸಿದಾಗ ಒಂದು ಕಹಿ ಸತ್ಯ ಹೊರಬಿತ್ತು. ಒಂದೇ ಸಂಪುಟಕ್ಕೆ ಇಬ್ಬರು ಅಧ್ಯಾಪಕರು ಕೊಟ್ಟ ಅಂಕಗಳಲ್ಲಿ ಹೊಂದಾಣಿಕೆ ತೀರ ಕಡಿಮೆಯಿತ್ತು. ಮಗುವಿಗೆ ಬಂದ ಅಂಕ ಅದರ ಬರಹಕ್ಕಿಂತ ಓದಿದವರ ಮೇಲೆ ನಿಂತಿತ್ತು ಎಂದರೂ ಸಲ್ಲುತ್ತದೆ. ಆದರೆ ಅದೇ ಪರಿಶೀಲನೆ ಇನ್ನೊಂದನ್ನೂ ಕಂಡಿತು. ಕೆಲಸದ ಹೊರೆ ಹೆಚ್ಚಿತೆಂದು ಗೊಣಗಿದ ಅಧ್ಯಾಪಕರೇ ತಮ್ಮ ಪಾಠದ ಕ್ರಮ ಒಳ್ಳೆಯದಕ್ಕೆ ಬದಲಾಯಿತೆಂದೂ ಹೇಳಿದರು.

ಇದರಿಂದ ನಾನು ತಿಳಿದುಕೊಂಡದ್ದು: ಸಂಪುಟ ಕಲಿಸುವುದಕ್ಕೆ ಒಳ್ಳೆಯ ಸಾಧನ, ಅಂಕಗಳ ಪೈಪೋಟಿಗೆ ಕೆಟ್ಟ ತಕ್ಕಡಿ. ಈ ವ್ಯತ್ಯಾಸ ಮರೆತರೆ ಸಂಪುಟವೇ ಕೆಟ್ಟುಹೋಗುತ್ತದೆ. ಹೇಗೆ ಕೆಡುತ್ತದೆ ಎಂಬುದಕ್ಕೆ ವರ್ಮಾಂಟ್‌ವರೆಗೆ ಹೋಗಬೇಕಾಗಿಲ್ಲ.

ನಮ್ಮಲ್ಲಿ ಆದದ್ದು

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠ ಬಿಟ್ಟು ಮಗುವಿನ ಅನುಭವಕ್ಕೆ ಜಾಗ ಕೊಡಿ ಎಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಾನೂನಿನ ಮಾತಾಗಿಸಿತು. ಅದರ ಬೆನ್ನಿಗೇ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು, ಚಟುವಟಿಕೆಗಳು, ಕೃತಿಸಂಪುಟಗಳು ನಮ್ಮ ಶಾಲೆಗಳಿಗೆ ಬಂದವು. ಎಸ್.ಎಸ್.ಎಲ್.ಸಿ.ಯ ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಆಂತರಿಕ ಮೌಲ್ಯಮಾಪನಕ್ಕೆ ಮೀಸಲಾದವು. ಅದಕ್ಕೂ ಮುಂಚೆ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ತರಗತಿಯ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನೆಲ್ಲ ತೂಗಹಾಕುವ ಕಲಿಕಾ ಚಪ್ಪರವಿತ್ತು, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪುಹಲಗೆ ಇತ್ತು. ಆಲೋಚನೆಗೆ ನಮ್ಮಲ್ಲಿ ಬರವಿರಲಿಲ್ಲ.

ಆದರೆ ಆದದ್ದೇನು? ಯೋಜನಾ ಕಾರ್ಯವೆಂದರೆ ಸ್ಟೇಷನರಿ ಅಂಗಡಿಯಲ್ಲಿ ಕೊಂಡ ಚಾರ್ಟು, ಸೈಬರ್ ಸೆಂಟರಿನಲ್ಲಿ ಮುದ್ರಿಸಿ ಅಂಟಿಸಿದ ಚಿತ್ರ, ಅಪ್ಪ ರಾತ್ರಿಯೆಲ್ಲ ಕೂತು ಕತ್ತರಿಸಿದ ಥರ್ಮೋಕೋಲ್ ಎಂದಾಯಿತು. ಕೃತಿಸಂಪುಟವೆಂದರೆ ತಪಾಸಣೆಯ ದಿನ ಮೇಜಿನ ಮೇಲೆ ಜೋಡಿಸಿಡುವ ಫೈಲು ಎಂದಾಯಿತು. ಇದಕ್ಕೆ ನಾನು ಇಲಾಖೆಯನ್ನು ದೂರುತ್ತಿಲ್ಲ. ಅರವತ್ತು ಮಕ್ಕಳ ತರಗತಿ, ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಇವುಗಳ ನಡುವೆ ಇರುವವರು ನೀವು. ನಾನೂ ಅಲ್ಲಿಂದಲೇ ಬಂದವನು. ದೂರುವುದಾದರೆ ಮೊದಲು ನನ್ನನ್ನೇ ದೂರಬೇಕು. ಅದಕ್ಕೆ ಕಾರಣವಾದ ಒಂದು ಪ್ರಸಂಗ ಹೇಳುತ್ತೇನೆ.

ಕೆರೆಯ ಪಾಠ

ಬಯಲುಸೀಮೆಯ ಒಂದು ಊರಿನಲ್ಲಿ ನಾನಿದ್ದೆ. ಒಂಬತ್ತನೆಯ ತರಗತಿಗೆ 'ನಮ್ಮ ಊರಿನ ಕೆರೆ' ಎಂಬ ಯೋಜನೆ ಕೊಟ್ಟೆ. ಗೈಡಿನಿಂದ ನಕಲು ಮಾಡಲಾಗದ ವಿಷಯ ಎಂಬುದೊಂದೇ ನನ್ನ ಲೆಕ್ಕಾಚಾರವಾಗಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗನಿದ್ದ. ಪ್ರಬಂಧ ಬರೆ ಎಂದರೆ ಎರಡು ಸಾಲಿನಾಚೆ ಹೋಗುತ್ತಿರಲಿಲ್ಲ. ಅವನು ಒಂದು ವಾರದ ಮೇಲೆ ಒಂದು ಚಿತ್ರ ತಂದ. ಕೆರೆಯ ಏರಿಯನ್ನು ಕತ್ತಿಯಿಂದ ಕೊಯ್ದು ನೋಡಿದರೆ ಹೇಗೆ ಕಾಣುತ್ತದೋ ಹಾಗೆ ತೂಬನ್ನು ಬರೆದಿದ್ದ. ಒಳಗಿನ ಕಲ್ಲುಕಂಬ, ನೀರು ಬಿಡುವ ಕಂಡಿ, ಅದನ್ನು ಮುಚ್ಚುವ ಮರದ ಬಿರಡೆ, ಏರಿಯ ಕೆಳಗೆ ಹರಿಯುವ ಕಾಲುವೆ ಎಲ್ಲವೂ ಇದ್ದವು. ನಾನು ಆ ಏರಿಯ ಮೇಲೆ ಐದು ವರ್ಷ ಓಡಾಡಿದ್ದೆ. ನೀರು ಹೊರಗೆ ಬರುವುದು ಹೀಗೆಂದು ನನಗೇ ತಿಳಿದಿರಲಿಲ್ಲ. ಅವನ ತಾತ ಆ ಕೆರೆಯ ನೀರುಗಂಟಿಯಾಗಿದ್ದವರು. ತೂಬೆತ್ತಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸಿ, ಸುಗ್ಗಿಯಲ್ಲಿ ಇಷ್ಟು ಭತ್ತವೆಂದು ಕೂಲಿ ಪಡೆಯುತ್ತಿದ್ದವರು.

"ಇದೇನು, ಇದೇಕೆ ಇಲ್ಲಿದೆ?" ಎಂದು ನಾನು ಕೇಳತೊಡಗಿದೆ. ಪರೀಕ್ಷಿಸಲು ಕೇಳಿದ್ದಲ್ಲ, ನಿಜವಾಗಿ ನನಗೆ ಗೊತ್ತಿರಲಿಲ್ಲ. ಅವನು ಉತ್ತರಗಳನ್ನು ಚಿತ್ರದ ಪಕ್ಕದಲ್ಲಿ ಬರೆದ. ಮೊದಲು ಒಂದೊಂದು ಪದ, ಆಮೇಲೆ ಒಂದೊಂದು ವಾಕ್ಯ. ಗೊತ್ತಿಲ್ಲದ್ದಕ್ಕೆ ಮನೆಗೆ ಹೋಗಿ ತಾತನನ್ನು ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ತಂದ. ನಾಲ್ಕು ಸಲ ಬರೆಯುವ ಹೊತ್ತಿಗೆ ಆರು ಪುಟವಾಯಿತು. ಒಂದು ಬೇಸಿಗೆಯಲ್ಲಿ ನೀರಿಗಾಗಿ ಎರಡು ಓಣಿಯವರಿಗೆ ಹೊಡೆದಾಟವಾಗಿ, ತಾತ ರಾತ್ರಿಯೆಲ್ಲ ತೂಬಿನ ಮೇಲೆ ಮಲಗಿ ಕಾದ ಕಥೆ ಅದರಲ್ಲಿತ್ತು. ಎರಡು ಸಾಲಿನ ಹುಡುಗ ಆರು ಪುಟ ಬರೆದಿದ್ದ. ಆ ಆರು ಪುಟದ ಬಾಗಿಲು ತೆರೆದದ್ದು ಒಂದು ಚಿತ್ರ.

ಚಿತ್ರ ಬರೆಸುತ್ತ ಕೂತರೆ ಭಾಷೆ ಕಲಿಸುವುದು ಯಾವಾಗ ಎಂದು ಕೇಳುವವರಿಗೆ ನನ್ನ ಉತ್ತರ ಈ ಹುಡುಗ. ಚಿತ್ರ ಬರಹಕ್ಕೆ ಅಲಂಕಾರವಾಗಿ ಬಂದರೆ ವ್ಯರ್ಥ. ಚಿತ್ರವನ್ನು ತೆಗೆದರೆ ಬರಹ ಕುಂಟಬೇಕು, ಬರಹವನ್ನು ತೆಗೆದರೆ ಚಿತ್ರ ಮೂಕವಾಗಬೇಕು. ಆತಕೂರಿನ ಕಲ್ಲಿನ ಹಾಗೆ. ಯಾವ ಯೋಜನೆಯನ್ನಾದರೂ ಈ ಒಂದು ಪರೀಕ್ಷೆಗೆ ಒಡ್ಡಿ ನೋಡಬಹುದು.

ಈಗ ನನ್ನ ತಪ್ಪಿನ ಮಾತು. ಆ ವರ್ಷದ ಕೊನೆಗೆ ತಪಾಸಣೆ ಬರುವುದಿತ್ತು. ಸಂಪುಟಗಳು ಗಲೀಜಾಗಿವೆ, ಕಾಟು ಹೊಡೆದ ಹಾಳೆಗಳಿವೆ ಎಂದು ನನಗೇ ಅನ್ನಿಸಿತು. ಎಲ್ಲರಿಗೂ ಹೊಸ ಹಾಳೆ ಕೊಟ್ಟು, ಅಂದವಾಗಿ, ಶುದ್ಧ ಕನ್ನಡದಲ್ಲಿ ನಕಲು ಮಾಡಿ ಎಂದೆ. ತಾತನ ಮಾತುಗಳನ್ನು ಗ್ರಾಂಥಿಕಕ್ಕೆ ತಿರುಗಿಸಲು ನಾನೇ ಕೂತು ಹೇಳಿಕೊಟ್ಟೆ. ಆರು ಪುಟ ಎರಡೂವರೆ ಪುಟವಾಯಿತು. ತೂಬಿನ ಚಿತ್ರವನ್ನು ಕೈಬರಹ ಚೆನ್ನಾಗಿದ್ದ ಇನ್ನೊಬ್ಬ ಹುಡುಗ ಸ್ಕೇಲಿಟ್ಟು ಬರೆದ. ಹಳೆಯ ಕರಡುಗಳೆಲ್ಲ ರದ್ದಿಗೆ ಹೋದವು. ಬಂದ ಅಧಿಕಾರಿಗಳು ಮೆಚ್ಚಿಕೊಂಡರು.

ಎಂಟೊಂಬತ್ತು ವರ್ಷದ ಮೇಲೆ ಆ ಹುಡುಗ ನನ್ನ ಮನೆ ಹುಡುಕಿಕೊಂಡು ಬಂದ. ಅವನ ತಾತ ತೀರಿಕೊಂಡಿದ್ದರು. ತಿಥಿಯ ದಿನ ಮನೆಯಲ್ಲಿ ಅವರ ಮಾತು ಬಂದಾಗ ಅವನಿಗೆ ಆ ಹಾಳೆಗಳ ನೆನಪಾಗಿತ್ತು. ಅದೃಷ್ಟಕ್ಕೆ ಮಾದರಿ ಎಂದು ನಾನು ಎತ್ತಿಟ್ಟಿದ್ದ ಕೆಲವು ಸಂಪುಟಗಳಲ್ಲಿ ಅವನದೂ ಇತ್ತು. ತೆಗೆದುಕೊಟ್ಟೆ. ನಿಂತಲ್ಲೇ ಓದಿದ. ಓದಿ ಮುಗಿಸಿ, ಬೇಸರ ತೋರಿಸದೆ, "ಇದ್ರಲ್ಲಿ ನಮ್ ತಾತ ಇಲ್ಲ ಸಾರ್" ಎಂದ.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ. ತಾತ ಇದ್ದದ್ದು ಕಾಟು ಹೊಡೆದ ಹಾಳೆಗಳಲ್ಲಿ. ನಾನು ಉಳಿಸಿದ್ದು ನನ್ನ ಕನ್ನಡವನ್ನು.

ಏನು ಮಾಡಬಹುದು?

ಅಂದಿನಿಂದ ನಾನು ಕೆಲವು ನೇಮಗಳನ್ನು ಹಾಕಿಕೊಂಡೆ. ಅರವತ್ತು ಮಕ್ಕಳ ತರಗತಿಯಲ್ಲೂ ಅವು ನಡೆದವು. ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಮೊದಲ ಕರಡಿಗೆ ಕೆಂಪು ಶಾಯಿ ಇಲ್ಲ. ಅದಕ್ಕೆ ಎರಡು ಪ್ರಶ್ನೆ ಮಾತ್ರ ಬರೆಯುವುದು, ಅದೂ ಓದಿದಾಗ ನಿಜವಾಗಿ ಹುಟ್ಟಿದ ಪ್ರಶ್ನೆ. ಕಾಗುಣಿತ ತಿದ್ದುವುದು ಕಡೆಯ ಕರಡಿನಲ್ಲಿ. ಮನೆ ಕಟ್ಟುವ ಮುಂಚೆ ಯಾರೂ ಸುಣ್ಣ ಬಳಿಯುವುದಿಲ್ಲ.

ಎರಡನೆಯದು, ಎಲ್ಲವನ್ನೂ ಅಧ್ಯಾಪಕರೇ ಓದಬೇಕಾಗಿಲ್ಲ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿದರೆ ಅವರೇ ಒಬ್ಬರದನ್ನೊಬ್ಬರು ಓದುತ್ತಾರೆ. ನಾವು ದಿನಕ್ಕೆ ಐದು ಓದಿದರೆ ಎರಡು ಮೂರು ವಾರದಲ್ಲಿ ಒಂದು ಸುತ್ತು ಮುಗಿಯುತ್ತದೆ.

ಮೂರನೆಯದು, ಸಂಪುಟಕ್ಕೆ ಎಲ್ಲವನ್ನೂ ತುಂಬಬಾರದು. ಅವಧಿಗೆ ಮೂರು ಬರಹ ಸಾಕು. ಆರಿಸುವವರು ಮಕ್ಕಳು, ನಾವಲ್ಲ. ಮೂರರಲ್ಲಿ ಒಂದಕ್ಕಾದರೂ ಮೊದಲಿನಿಂದ ಕಡೆಯವರೆಗಿನ ಎಲ್ಲ ಕರಡುಗಳೂ ಇರಬೇಕು. ಜೊತೆಗೆ 'ಇದನ್ನೇಕೆ ಆರಿಸಿದೆ, ಎಲ್ಲಿ ಬದಲಾಯಿಸಿದೆ' ಎಂದು ಮಗು ಬರೆದ ಅರ್ಧ ಪುಟ. ನನ್ನ ಮಟ್ಟಿಗೆ ಇಡೀ ಸಂಪುಟದಲ್ಲಿ ಬೆಲೆಬಾಳುವುದು ಆ ಅರ್ಧ ಪುಟವೇ. ತನ್ನ ಬರಹವನ್ನು ತಾನೇ ದೂರ ನಿಂತು ನೋಡುವುದನ್ನು ಮಗು ಅಲ್ಲಿ ಕಲಿಯುತ್ತದೆ.

ನಾಲ್ಕನೆಯದು, ಮೇಷ್ಟ್ರಲ್ಲದ ಒಬ್ಬ ಓದುಗ ಬೇಕು. ನಾಲ್ಕನೆಯ ತರಗತಿಯ ಮಕ್ಕಳಿಗೆ ಓದಿ ಹೇಳಲಿ. ಮಾತು ಕೊಟ್ಟ ಹಿರಿಯರ ಮನೆಗೆ ಹೋಗಿ ಅವರ ಮುಂದೆಯೇ ಓದಲಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಒಂದು ಪ್ರತಿ ಇರಲಿ. ಇನ್ನೊಂದು ತಾಲ್ಲೂಕಿನ ಶಾಲೆಗೆ ಅಂಚೆಯಲ್ಲೋ ಮೊಬೈಲಿನಲ್ಲೋ ಹೋಗಲಿ. ಅಚ್ಚಿನ ಯಂತ್ರಕ್ಕಾಗಿ ಫ್ರೆನೆ ಪಟ್ಟ ಪಾಡು ಇಂದು ನಮಗಿಲ್ಲ. ತಾತನ ದನಿಯನ್ನೇ ಮುದ್ರಿಸಿಕೊಳ್ಳುವ ಯಂತ್ರ ಇಂದು ಎಷ್ಟೋ ಮನೆಗಳಲ್ಲಿದೆ.

ಐದನೆಯದು, ಹಿರಿಯರಾಡಿದ ಮಾತನ್ನು ಅವರಾಡಿದಂತೆಯೇ ಉಳಿಸಬೇಕು. ಮಗು ತನ್ನ ವಿವರಣೆಯನ್ನು ಶಿಷ್ಟ ಕನ್ನಡದಲ್ಲಿ ಬರೆಯಲಿ, ಪರೀಕ್ಷೆಗೆ ಅದು ಬೇಕು. ಎರಡು ಕನ್ನಡಗಳೂ ಒಂದೇ ಪುಟದಲ್ಲಿದ್ದರೆ ಯಾವುದನ್ನು ಎಲ್ಲಿ ಬಳಸಬೇಕೆಂಬ ವಿವೇಕವೂ ಅದರಿಂದಲೇ ಬರುತ್ತದೆ.

ಅಂಕ ಕೊಡಲೇಬೇಕಲ್ಲ ಎನ್ನುತ್ತೀರಿ. ಕೊಡೋಣ. ಆದರೆ ಅಂದಕ್ಕಲ್ಲ, ಮೊದಲ ಕರಡಿಗೂ ಕಡೆಯದಕ್ಕೂ ನಡುವೆ ಮಗು ನಡೆದ ದೂರಕ್ಕೆ. ಸಾಧ್ಯವಾದರೆ ಪಕ್ಕದ ಶಾಲೆಯ ಅಧ್ಯಾಪಕರು ನಮ್ಮದನ್ನೂ ನಾವು ಅವರದನ್ನೂ ಓದೋಣ.

ಇನ್ನೊಂದು ಮಾತು. ಇಂದು ವಿಷಯ ಕೊಟ್ಟರೆ ಕ್ಷಣದಲ್ಲಿ ತಪ್ಪಿಲ್ಲದ ಪ್ರಬಂಧ ಬರೆದುಕೊಡುವ ಯಂತ್ರಗಳು ಬಂದಿವೆ. ಹಲವರು ಗಾಬರಿಯಾಗಿದ್ದಾರೆ. ನಿಜ ಹೇಳಬೇಕೆಂದರೆ, ಗೈಡಿನ ಜಾತ್ರೆಯನ್ನೇ ಪ್ರಬಂಧವೆಂದು ಒಪ್ಪಿ ಪೂರ್ಣಾಂಕ ಕೊಟ್ಟ ನಾವೇ ಆ ಯಂತ್ರಕ್ಕೆ ದಾರಿ ಹದಮಾಡಿಕೊಟ್ಟಿದ್ದೇವೆ. ಮುಗಿದ ಬರಹವೊಂದನ್ನೇ ನೋಡಿ ಮಗು ಕಲಿತಿದೆಯೇ ಎಂದು ಹೇಳುವ ಕಾಲ ಮುಗಿಯುತ್ತ ಬಂತು. ಕಾಟು ಹೊಡೆದ ಕರಡು, ಏರಿಯ ಮೇಲೆ ನಿಂತು ಬರೆದ ನಕ್ಷೆ, ಎದುರಿಗೆ ಕೂತವರು ಕೇಳಿದ ಪ್ರಶ್ನೆಗೆ ತಡವರಿಸಿ ಕೊಟ್ಟ ಉತ್ತರ, ಇವೇ ಇನ್ನು ಮುಂದೆ ನಮಗೆ ಸಾಕ್ಷಿ.

ಕಡೆಯದಾಗಿ ಒಂದು ಪದದ ಕಥೆ ಹೇಳಿ ಮುಗಿಸುತ್ತೇನೆ. ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿದ, ಮಡಿಸಿಡಬಹುದಾದ ಬಟ್ಟೆಯ ಪುಸ್ತಕ. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು, ಬೇಕಾದರೆ ಅಳಿಸಿ ಮತ್ತೆ ಬರೆಯುತ್ತಿದ್ದರು. ಅಳಿಸಿ ಬರೆಯಲೆಂದು ಇದ್ದ ಪುಸ್ತಕದ ಹೆಸರು, ಒಮ್ಮೆ ಕಟ್ಟಿಟ್ಟರೆ ಯಾರೂ ಬಿಚ್ಚದ ಕಾಗದದ ಕಟ್ಟಿಗೆ ಬಂದು ಕೂತಿದೆ. ನಮ್ಮ ಮಕ್ಕಳ ಕೃತಿಸಂಪುಟಗಳು ಯಾವ ಅರ್ಥದ ಕಡತವಾಗಬೇಕು ಎಂಬುದು ನಮ್ಮ ಕೈಯಲ್ಲಿದೆ. ನಾಳೆ ಶಾಲೆಗೆ ಹೋದಾಗ ಬೀರು ತೆರೆದು ಒಂದೇ ಒಂದು ಸಂಪುಟ ಹೊರತೆಗೆಯಿರಿ. ಅದನ್ನು ಬರೆದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಯಲ್ಲಿ ಪೆನ್ನಿಲ್ಲದೆ, ಒಂದು ಸಲ ಓದಿ.